ಹೇಳುವ ತನಕ ಇಳಿಯಬೇಡಿ

ಮೂರನೆಯ ಸಲ ಬೆಲ್ ಒತ್ತಿದಾಗ ಬಾಗಿಲು ನಾಲ್ಕು ಬೆರಳಷ್ಟು ತೆರೆಯಿತು.

"ಆಂಟಿ, ಪ್ಲೀಸ್. ಮಮ್ಮೀಗೆ ಬಹುತ್ ತಕ್ಲೀಫ್ ಆಗ್ತದೆ," ಎಂದಳು ವಾರಿಜಾಳ ಮಗಳು ಲಾವಣ್ಯಾ.

ಶಿವಕುಮಾರಿ ಬಾಗಿಲಿಗೆ ಕೈ ಅಡ್ಡವಿಟ್ಟು ನಿಂತಳು. ಮುಲುಂಡ್‌ನಿಂದ ಚೆಂಬೂರಿಗೆ ಅವಳು ಬಂದದ್ದು ಇದು ನಾಲ್ಕನೆಯ ಸಲ. ನಾಳೆ ತನಿಖಾಧಿಕಾರಿ ಅಪಘಾತದ ವರದಿಗೆ ಸಹಿ ಹಾಕುತ್ತಾರೆ. ಅದರಲ್ಲಿ ತಪ್ಪೆಲ್ಲ ಅವಳ ಗಂಡ, ಬಲೂನಿನ ಪೈಲಟ್ ಗುರಲಿಂಗಪ್ಪನದು. ಇಳಿಯುವಾಗ ಹೇಗಿರಬೇಕೆಂದು ಅವನು ಪ್ರಯಾಣಿಕರಿಗೆ ಹೇಳಲೇ ಇಲ್ಲವಂತೆ. ಬದಲಾಪುರದಾಚೆಯ ಗದ್ದೆಯಲ್ಲಿ ಬುಟ್ಟಿ ಬಡಿದು, ಪ್ರಯಾಣಿಕರಾಗಿದ್ದ ಗಂಡಹೆಂಡತಿ ಹೊರಗೆ ಬಿದ್ದರು. ಹಗುರಾದ ಬಲೂನು ಮತ್ತೆ ಎದ್ದು ಕರೆಂಟಿನ ತಂತಿಗೆ ಸಿಕ್ಕಿತು. ಗುರಲಿಂಗಪ್ಪ ಅಲ್ಲೇ ಸುಟ್ಟುಹೋದ. ತಿಲಕ್ ಶೆಟ್ಟಿ ಕತ್ತು ಮುರಿದು ಗದ್ದೆಯಲ್ಲಿ ಸತ್ತರು. ಬದುಕಿದವಳು ಅವರ ಹೆಂಡತಿ ವಾರಿಜಾ ಒಬ್ಬಳೇ. ಹೀಗಾಯಿತೆಂಬ ಹೇಳಿಕೆಯೂ ಅವಳದೇ.

"ಬರಲಿ ಬಿಡು. ನೀನು ಕೆಳಗೆ ಹೋಗಿ ಹಾಲು ತಾ," ಒಳಗಿನಿಂದ ವಾರಿಜಾಳ ದನಿ ಬಂತು.

ಅವಳು ಸೋಫಾದ ತುದಿಯಲ್ಲಿ ಕುಳಿತಿದ್ದಳು. ಅಪಘಾತವಾಗಿ ಹನ್ನೆರಡೇ ದಿನ. ಮೈಮೇಲೆ ಒಂದು ತರಚು ಗಾಯವಿಲ್ಲ. ದೇವರೇ ಕಾಪಾಡಿದ ಎಂದು ಇಡೀ ಬಿಲ್ಡಿಂಗ್ ಆಡಿಕೊಳ್ಳುತ್ತಿತ್ತು.

"ನಮ್ಮವರು ಹೇಳದ ಇರೂ ಮನಿಷ್ಯಾ ಅಲ್ರಿ. ಹನ್ನೊಂದ ವರ್ಷ ಬಲೂನ್ ಹಾರ್ಸ್ಯಾರ, ಯಾರಿಗೂ ಏನೂ ಆಗಿಲ್ಲ." ಶಿವಕುಮಾರಿ ಸೋಫಾದ ಹತ್ತಿರ ಬಂದಳು. "ಊರಾಗ ನಮ್ಮತ್ತಿ ಮಲ್ಲವ್ವ ಹೊರಗ ಮುಖಾ ತೋರಸಾಕ ಒಲ್ಲೆ ಅಂತಾಳ. ಮಗಾ ಜೀವಾ ತಗದಾಂವ ಆದ ಅಂತ."

"ಮಂಡಿ ಬಗ್ಗಿಸಿ. ಹಗ್ಗದ ಹಿಡಿ ಬಿಡಬೇಡಿ. ನೆಲ ಮುಟ್ಟಿದರೂ ನಾನು ಹೇಳುವ ತನಕ ಯಾರೂ ಇಳಿಯಬೇಡಿ, ಒಬ್ಬರ ಭಾರ ಕಡಿಮೆಯಾದರೆ ಇದು ಎದ್ದುಬಿಡ್ತದೆ." ವಾರಿಜಾ ಬಾಯಿಪಾಠ ಒಪ್ಪಿಸುವಂತೆ ಹೇಳಿದಳು. "ಹೇಳಿದ್ದರು. ಎರಡು ಸಲ."

ಶಿವಕುಮಾರಿ ಇನ್ನೊಂದು ಹೆಜ್ಜೆ ಮುಂದಿಟ್ಟಳು. "ಮತ್ತ ಅಧಿಕಾರಿ ಮುಂದ ಯಾಕ ಸುಳ್ಳ ಹೇಳಿದ್ರಿ?"

ವಾರಿಜಾ ಗೋಡೆಯತ್ತ ನೋಡಿದಳು. ಅಲ್ಲಿ ತಿಲಕ್ ಫೋಟೋ, ಹೊಸ ಹಾರ. ಶಿವಕುಮಾರಿಗೆ ಎಲ್ಲವೂ ಹೊಳೆಯಿತು.

"ನಿಮ್ಮ ಯಜಮಾನ್ರು ಹೆದರಿ ಇಳದ್ರು. ಹೌದಲ್ರಿ? ಸತ್ತವರ ಹೆಸರ ಕೆಡಬಾರ್ದಂತ ಮುಚ್ಚಿಟ್ರಿ. ನಮ್ಮವರೂ ಸತ್ತಾರ್ರೀ!"

ವಾರಿಜಾ ಸೀರೆಯ ಅಂಚನ್ನು ಪಾದಗಳ ಮೇಲೆ ಎಳೆದುಕೊಂಡಳು.

"ಗಾಳಿ ಜೋರಿತ್ತು. ಬುಟ್ಟಿ ಒಮ್ಮೆ ನೆಲ ಮುಟ್ಟಿತು. ಆಮೇಲೆ ನಮ್ಮ ಯಜಮಾನರು ಬಗ್ಗಿ, ಕೈ ಚಾಚಿ ನನ್ನ ಹೆಸರು ಕೂಗಿದ್ದೊಂದೇ ಕಿವಿಯಲ್ಲಿ ಉಳಿದಿದೆ."

"ಬರಕೊಡ್ರಿ. ಇಷ್ಟ ಬರಕೊಡ್ರಿ, ಸಾಕು."

ವಾರಿಜಾ ಎದ್ದು ಕಾಗದ ತಂದಳು. ಪೈಲಟ್ ಎಚ್ಚರಿಸಿದ್ದರು, ನನ್ನ ಗಂಡ ಮಾತು ಕೇಳದೆ ಇಳಿದರು ಎಂದು ಬರೆದು ಸಹಿ ಹಾಕಿದಳು.

ಶಿವಕುಮಾರಿ ಕಾಗದವನ್ನು ಎದೆಗೊತ್ತಿಕೊಂಡು ಅತ್ತಳು. ಗಂಡ ಹೋದ ಮೇಲೆ ಮೊದಲ ಬಾರಿಗೆ ಮನಸ್ಸು ಹಗುರಾಯಿತು. ತನ್ನ ಗಂಡನ ಹೆಸರನ್ನೇ ಬಿಟ್ಟುಕೊಟ್ಟ ಈ ಹೆಂಗಸಿನ ದೊಡ್ಡತನಕ್ಕೆ ಏನು ಹೇಳಬೇಕೋ ತಿಳಿಯದೆ, ಅವಳ ಪಾದ ಮುಟ್ಟಲು ಬಗ್ಗಿದಳು.

ವಾರಿಜಾ ಥಟ್ಟನೆ ಎರಡೂ ಕಾಲುಗಳನ್ನು ಹಿಂದಕ್ಕೆಳೆದುಕೊಂಡಳು.

"ಮುಟ್ಟಬೇಡಿ ಅಕ್ಕ. ಅವತ್ತು ಮೊದಲು ಇಳಿದದ್ದು ಈ ಕಾಲುಗಳೇ."