ಹೆಂಚಿನ ಚೂರು

“ಗೆರೆ ಮೆಟ್ಟಿದಳು! ಔಟ್!”

ಟಾಕೀಸಿನ ಹೆಂಗಸರ ಬೆಂಚುಗಳಲ್ಲಿ ಅಳು ಒಮ್ಮೆಲೇ ನಿಂತಿತು. ಅರವತ್ತೆರಡನೇ ಇಸವಿಯ ಆ ಮ್ಯಾಟಿನಿಯಲ್ಲಿ, ಪರದೆಯ ಮೇಲೆ ಹಿಂದಿನ ಕಾಲದ ಹುಡುಗಿಯೊಬ್ಬಳು ಕೊನೆಯ ಸಲ ಕುಂಟೆಬಿಲ್ಲೆ ಆಡುತ್ತಿದ್ದಳು. ಹೆಂಚಿನ ಚೂರು ಎಸೆದು, ಗೆರೆ ಎಳೆದ ಮನೆಗಳನ್ನು ಒಂಟಿಗಾಲಿನಲ್ಲಿ ದಾಟುತ್ತಿದ್ದಳು. ದೊಡ್ಡವಳಾದಳೆಂದು ನಾಳೆಯಿಂದ ಅವಳಿಗೆ ಅಂಗಳವಿಲ್ಲ. ಇಡೀ ಟಾಕೀಸು ಅಳುತ್ತಿದ್ದಾಗ ಹಾಗೆ ಕೂಗಿದವರು ಅತ್ತಾವರದ ಆಸ್ಯಮ್ಮ. ಮಗಳು ಮುಮ್ತಾಝ್ ನಾಚಿ ಅವರ ಬುರ್ಖಾ ಜಗ್ಗಿದಳು. ಅದರಡಿಯಲ್ಲಿ ಉಮ್ಮನ ಎಡಗಾಲು ನೆಲ ಬಿಟ್ಟು ಮೇಲೆದ್ದಿತ್ತು.

“ಹೌದು ಮಾರಾಯ್ತಿ, ನಾನೂ ನೋಡಿದೆ. ಹೆಬ್ಬೆರಳು ತಾಗಿತು,” ಎಂದರು ನೆರೆಮನೆಯ ಶಶಿಪ್ರಭಾ, ಸೆರಗಿನಲ್ಲಿ ಮೂಗೊರೆಸುತ್ತ. “ಎಂತ ತಾಗಿದ್ದು? ತಾಗಲೇ ಇಲ್ಲ!” ಹಿಂದಿನ ಬೆಂಚಿನಿಂದ ಯಾರೋ ಎದ್ದು ನಿಂತರು. ಗಂಡಸರ ಕಡೆಯಿಂದ ಶಿಳ್ಳೆ ಬಂದರೂ ಹೆಂಗಸರ ಜಗಳ ನಿಲ್ಲಲಿಲ್ಲ.

ಸಿನಿಮಾ ಬಿಟ್ಟ ಮೇಲೆ, ಹಂಪನಕಟ್ಟೆಯ ಸಂಜೆಬಿಸಿಲಿನಲ್ಲಿ ಮುಮ್ತಾಝ್ ಮೆಲ್ಲಗೆ ಕೇಳಿದಳು: “ಉಮ್ಮಾ, ನೀವು ಆಟ ಬಿಟ್ಟದ್ದು ಯಾವಾಗ?”

“ಬಿಟ್ಟದ್ದೆಲ್ಲಿ? ಒಳಗಿನಿಂದ ಕರೆದರು, ಹೋದೆ,” ಎಂದರು ಆಸ್ಯಮ್ಮ. “ನನ್ನ ಹೆಂಚಿನ ಚೂರು ಇನ್ನೂ ಕೊನೆಯ ಮನೆಯಲ್ಲೇ ಉಂಟು.”