ಚಿಗುರುವಿನ ಲಕೋಟೆ

ಮಕ್ಕಳೆಲ್ಲ ಒಂದೇ ನಮೂನೆಯ ಅಂಗಿ ತೊಡುತ್ತಿದ್ದ ಕಾಲ. ಗಂಡೋ ಹೆಣ್ಣೋ ಎಂಬುದನ್ನು ಹದಿನಾರು ತುಂಬುವವರೆಗೆ ತಾಯಿಯಾಗಲಿ ಮಗುವಾಗಲಿ ಯಾರಿಗೂ ಹೇಳುವಂತಿರಲಿಲ್ಲ. ಚಿಗುರುವಿಗೆ ಹದಿನಾರು ತುಂಬಿದ ದಿನ ಸರ್ಕಾರಿ ಗುಮಾಸ್ತ ಮನೆಗೆ ಬಂದು, ಹುಟ್ಟಿದಾಗ ಮುಚ್ಚಿಟ್ಟಿದ್ದ ಲಕೋಟೆಯೆಂದು ಒಂದನ್ನು ಒಡೆದು, "ಗಂಡು" ಎಂದು ಓದಿದ.

"ಚಿಗುರು ಮಿಕ್ಸರ್ ರಿಪೇರಿ ಮಾಡಿದಾಗನ ನನಗ ಗೊತ್ತಾಗಿತ್ತು. ಹುಟ್ಟುಗುಣ ಸುಟ್ರೂ ಹೋಗಂಗಿಲ್ಲ!" ಎಂದು ಈರಪ್ಪ ಕಾಕಾ ನಟ್ಟು-ಬೋಲ್ಟು ಬಿಚ್ಚುವ ತನ್ನ ಪಾನಾಗಳ ಪೆಟ್ಟಿಗೆಯನ್ನೇ ಚಿಗುರುವಿಗೆ ಉಡುಗೊರೆ ಕೊಟ್ಟ.

ಅವ್ವ ನಕ್ಕಳು. "ಸಾಹೇಬ್ರ, ಅದು ಪಕ್ಕದ ಮನಿ ಲಕೋಟೆ. ನಮ್ದು ಹೆಣ್ಣು."

"ಅದಕ್ಕ ನೋಡು, ಅಡಿಗಿಮನಿ ಸಾಮಾನಂದ್ರ ಅಷ್ಟು ಕಾಳಜಿ! ಹುಟ್ಟುಗುಣ!" ಎನ್ನುತ್ತ ಕಾಕಾ ಪೆಟ್ಟಿಗೆಗೆ ಕೈ ಚಾಚಿದ.

ಚಿಗುರು ತಕ್ಷಣ ಕೊಟ್ಟುಬಿಟ್ಟಳು.

"ತಗೋರಿ ಕಾಕಾ. ಹೊರಗ ಕೆಟ್ಟು ನಿಂತ ನಿಮ್ಮ ಬೈಕ್ ಮುಂಜಾನಿಂದ ನನ್ನ ಹಾದಿ ಕಾಯಾಕತ್ತೈತಿ. ನಿಮ್ಮ ಹುಟ್ಟುಗುಣಕ್ಕ ಹೇಳ್ರಿ, ಚಾಲೂ ಮಾಡ್ತೈತಿ."