ಒಂದು ಹೆಜ್ಜೆಯೂ ಬಿಡದಂತೆ

ದೊಡ್ಡಕ್ಕ ಏನನ್ನೋ ಮುಚ್ಚಿಡುತ್ತಾಳೆ. ಆಕೆ ಸೂಜಿ ಕೈಗೆತ್ತಿಕೊಳ್ಳುವ ಮೊದಲೇ ಪೆನ್ನಪ್ಪನಿಗೆ ಹಾಗನಿಸಿತ್ತು.

ಅನುಮಾನಕ್ಕೆ ಕಾರಣವಿತ್ತು. ಚರ್ಮದ ಕೈಗವಸು ಹೊಲಿಯುವ ಆ ಕಾರ್ಖಾನೆ ತಿಂಗಳ ಕೊನೆಗೆ ಬಾಗಿಲು ಹಾಕುತ್ತಿತ್ತು. ಕೆಲಸ ಸಮುದ್ರದಾಚೆಯ ದೇಶಕ್ಕೆ ಹೋಗುತ್ತಿತ್ತು. ಅಲ್ಲಿ ಕೂಲಿ ಇಲ್ಲಿಯ ಅರ್ಧ. ಇಲ್ಲಿನ ನೂರ ಹತ್ತು ಹೆಂಗಸರು ಮನೆಗೆ. ಎಲ್ಲರಿಗಿಂತ ಹಿರಿಯಳಾದ ದೊಡ್ಡಕ್ಕ ಹೋಗುವ ಮುನ್ನ ಆ ದೇಶದಿಂದ ಬಂದ ಇಬ್ಬರು ಹುಡುಗಿಯರಿಗೆ ತನ್ನ ಮೂವತ್ತೆರಡು ವರ್ಷದ ವಿದ್ಯೆಯನ್ನು ಹತ್ತು ದಿನದಲ್ಲಿ ಕಲಿಸಿಕೊಡಬೇಕಿತ್ತು. ತನ್ನ ಅನ್ನ ಕಿತ್ತುಕೊಳ್ಳುವವರಿಗೆ ಯಾರು ತಾನೇ ಮನಸಾರೆ ಕಲಿಸುತ್ತಾರೆ?

ಕಲಿಸಿದ್ದನ್ನೆಲ್ಲ ಬರೆದು ಕೈಪಿಡಿ ಮಾಡಲು ಮುಖ್ಯ ಕಚೇರಿ ಕಳಿಸಿದವನು ಪೆನ್ನಪ್ಪ. ಕಿವಿಯ ಮೇಲೊಂದು, ಜೇಬಿನಲ್ಲಿ ಎರಡು ಪೆನ್ನು ಸಿಕ್ಕಿಸಿಕೊಂಡು ಬಂದದ್ದಕ್ಕೆ ಹೆಂಗಸರು ಗೇಟಿನಲ್ಲೇ ಆ ಹೆಸರಿಟ್ಟಿದ್ದರು. ಕೈಗವಸು ಕೊಳ್ಳುವ ವಿದೇಶಿ ಕಂಪನಿ ಅದನ್ನು ಹಳೆಯ ಕೈಕಸುಬು ಎಂದು ಹೊಗಳಿ ಹತ್ತು ಪಟ್ಟು ಬೆಲೆಗೆ ಮಾರುತ್ತಿತ್ತು. ಹಾಗಾಗಿ ಅದರದು ಒಂದೇ ಷರತ್ತು. ದೊಡ್ಡಕ್ಕನ ಕ್ರಮವೇ ಅಲ್ಲಿಯೂ ನಡೆಯಬೇಕು. ಕೈಪಿಡಿಯಲ್ಲಿರುವ ಒಂದು ಹೆಜ್ಜೆ ಬಿಟ್ಟರೂ ಸರಕು ವಾಪಸ್. ವಾಪಸಾದರೆ ಅದು ಪೆನ್ನಪ್ಪನ ಕುತ್ತಿಗೆಗೆ ಬರುತ್ತಿತ್ತು.

"ಕೆಳಗಿನ ಹಾಲ್‌ಗೆ ಮಾತ್ರ ಕಾಲಿಡಬೇಡಿ," ಎಂದಿದ್ದ ಮೇಸ್ತ್ರಿ. "ಹೆಂಗಸರು ಕುದೀತಿದಾರೆ. ಕೈಯಲ್ಲಿ ಕತ್ತರಿ ಬೇರೆ ಇರುತ್ತೆ."

ಪೆನ್ನಪ್ಪನಿಗೆ ಎರಡನೇ ಸಲ ಹೇಳಬೇಕಾಗಲಿಲ್ಲ.

ಹುಡುಗಿಯರು ಬಂದಾಗ ದೊಡ್ಡಕ್ಕ ಇಬ್ಬರ ಕೈಗಳನ್ನೂ ಹಿಡಿದು ಮಗುಚಿ ನೋಡಿದಳು. ತನ್ನ ದೇಶದ ಇನ್ನೊಂದು ಕಾರ್ಖಾನೆಯಲ್ಲಿ ಆಗಲೇ ದುಡಿದಿದ್ದ ಚಿಕ್ಕವಳ ಬೆರಳ ತುದಿಗಳಿಗೆಲ್ಲ ಪಟ್ಟಿ ಸುತ್ತಿತ್ತು. ದೊಡ್ಡಕ್ಕ ಆ ಕೈಯನ್ನು ತುಂಬ ಹೊತ್ತು ಬಿಡಲಿಲ್ಲ.

"ಮೇಲಿನ ಕೋಣೆಯಲ್ಲಿ ಕಲಿಸ್ತೀನಿ," ಎಂದಳು ಕೊನೆಗೆ. "ಒಂದು ಮಾತು ಸಾರ್. ನೀವು ಬರೆದದ್ದನ್ನ ಅಲ್ಲಿ ಯಾರಾದ್ರೂ ಬದಲಾಯಿಸಬಹುದಾ?"

"ಸಾಧ್ಯವೇ ಇಲ್ಲ. ಅಲ್ಲಿನ ಮಾಲೀಕರೇ ಬಂದ್ರೂ ಆಗಲ್ಲ."

"ಹಾಗಿದ್ರೆ ಸರಿಯಾಗಿ ಬರ್ಕೊಳ್ಳಿ."

ಹತ್ತು ದಿನ ಅವನು ಕಣ್ಣಲ್ಲಿ ಕಣ್ಣಿಟ್ಟು ಕೂತ. ಆಕೆ ಎಳ್ಳಷ್ಟೂ ಬಚ್ಚಿಟ್ಟಂತೆ ಕಾಣಲಿಲ್ಲ. ಹೆಬ್ಬೆರಳ ಸಂದಿಗೆ ಎಂಥ ಹೊಲಿಗೆ, ದಾರಕ್ಕೆ ಎಷ್ಟು ಮೇಣ, ಚರ್ಮವನ್ನು ಯಾವ ಕಡೆ ಎಳೆಯಬೇಕು, ಎಲ್ಲ ಬಂತು. ಅವನು ನಿರೀಕ್ಷಿಸಿರದ ಗುಟ್ಟುಗಳೂ ಬಂದವು. ಗಂಟೆಗೊಮ್ಮೆ ಬೆಚ್ಚಗಿನ ನೀರಿನಲ್ಲಿ ಕೈ ಅದ್ದಬೇಕು. ಬೆರಳು ಸೆಟೆದರೆ ಹೊಲಿಗೆಯೂ ಸೆಟೆಯುತ್ತದೆ. ಎರಡು ಜೊತೆ ಮುಗಿಸಿದ ಮೇಲೆ ಎದ್ದು ಕಿಟಕಿಗೆ ಹೋಗಿ, ಬಣ್ಣ ಹೊಂದಿದೆಯೇ ಎಂದು ಹಗಲ ಬೆಳಕಿನಲ್ಲಿ ನೋಡಬೇಕು. ಅದಕ್ಕೆ ಮುಂಚೆ ಕಣ್ಣು ತಿಳಿಯಾಗಲು ಸ್ವಲ್ಪ ಹೊತ್ತು ದೂರದ ಮರವನ್ನು ನೋಡಬೇಕು. ಹೊಲಿದ ಚರ್ಮ ಕಾಲು ಗಂಟೆ ಆರಬೇಕು. ಅಷ್ಟು ಹೊತ್ತು ಸೂಜಿ ಮುಟ್ಟುವಂತಿಲ್ಲ.

"ದಿನಕ್ಕೆ ಎಷ್ಟು ಜೊತೆ?"

"ಹತ್ತು. ಹನ್ನೊಂದನೇದಕ್ಕೆ ಕೈ ಸುಳ್ಳು ಹೇಳೋಕೆ ಶುರು ಮಾಡುತ್ತೆ."

ಹುಡುಗಿಯರು ಹೊಲಿಯುತ್ತಲೇ ತಮ್ಮ ಭಾಷೆಯಲ್ಲಿ ಏನೋ ಹೇಳಿಕೊಂಡು ಕಿಸಕ್ಕನೆ ನಕ್ಕರು. ಪೆನ್ನಪ್ಪ ಹುಬ್ಬು ಗಂಟಿಕ್ಕಿದ. "ಕೆಲಸದ ಮಧ್ಯೆ ಮಾತಾಡಬಹುದಾ?"

"ಆಡ್ಲೇಬೇಕು. ಬಾಯಿ ಕಟ್ಟಿದ್ರೆ ಉಸಿರು ಕಟ್ಟುತ್ತೆ, ಉಸಿರು ಕಟ್ಟಿದ್ರೆ ಕೈ ನಡುಗುತ್ತೆ. ಬರ್ಕೊಂಡ್ರಾ?"

ಬರೆದುಕೊಂಡ. ಅಡಿಗೆರೆಯನ್ನೂ ಎಳೆದ.

ಆ ಹೊತ್ತಿಗೆ ದೊಡ್ಡಕ್ಕನ ತಂಗಿಯ ಮಗಳು ಕೆಳಗಿನಿಂದ ಚರ್ಮದ ಕಟ್ಟು ಹೊತ್ತು ತಂದಳು. ಅವಳೂ ಅಲ್ಲೇ ಹೊಲಿಯುವವಳು. ಕಟ್ಟನ್ನು ಧೊಪ್ಪೆಂದು ಕುಕ್ಕಿ, "ದೊಡ್ಡಮ್ಮ, ನಿಂಗೆ ನಾಚಿಕೆ ಆಗಲ್ವಾ? ನಮ್ಮ ಹೊಟ್ಟೆ ಮೇಲೆ ಹೊಡೆಯೋರಿಗೆ ಪಾಠ ಹೇಳ್ತಾ ಕೂತಿದೀಯ," ಎಂದಳು.

"ಕೂತು ಕೇಳು. ಆಮೇಲೆ ಬೈ."

ಹುಡುಗಿ ಮುಖ ಊದಿಸಿಕೊಂಡು ಕೂತಳು. ದೊಡ್ಡಕ್ಕ ಬೆಚ್ಚಗಿನ ನೀರಿನ ಪಾಠವನ್ನೂ ಕಿಟಕಿಯ ಪಾಠವನ್ನೂ ಮತ್ತೊಮ್ಮೆ ಒಪ್ಪಿಸಿದಳು. ಹುಡುಗಿ ಇದ್ದಕ್ಕಿದ್ದಂತೆ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಮೆಟ್ಟಿಲಿಳಿದು ಓಡಿದಳು. ಪಾಪ, ದುಃಖ ತಡೆಯಲಾಗಲಿಲ್ಲ ಎಂದು ಪೆನ್ನಪ್ಪ ಮರುಗಿದ. ಮರುದಿನದಿಂದ ಗೇಟಿನಲ್ಲಿ ಹೆಂಗಸರು ಅವನ ಕಡೆ ನೋಡಿ ನಗತೊಡಗಿದರು. ಊಟ ಆಯಿತೇ ಎಂದು ಒಬ್ಬಳು ಕೇಳಿಯೂಬಿಟ್ಟಳು. ಹಣೆಬರಹಕ್ಕೆ ಹೊಂದಿಕೊಂಡಿದ್ದಾರೆ ಎಂದು ಅವನಿಗೆ ಸಮಾಧಾನವಾಯಿತು.

ಕೈಪಿಡಿಗೆ ಮೇಸ್ತ್ರಿಯ ಸಹಿ ಬೇಕಿತ್ತು. ಅವನ ಕೆಲಸವೂ ತಿಂಗಳ ಕೊನೆಗೆ ಹೋಗುವುದಿತ್ತು. ಬೆಚ್ಚಗಿನ ನೀರು, ಕಿಟಕಿ, ಮಾತು ಎಲ್ಲ ಇದ್ದ ಹನ್ನೆರಡನೆಯ ಪುಟವನ್ನು ಎರಡೆರಡು ಸಲ ಓದಿ ಅವನು ಗೋಡೆಯ ಕಡೆ ತಿರುಗಿ ನಿಂತ. ಹೆಗಲು ಅಲುಗುತ್ತಿತ್ತು. ಗಂಡಸು ಅಳುವುದನ್ನು ನೋಡಬಾರದೆಂದು ಪೆನ್ನಪ್ಪ ತಲೆ ತಗ್ಗಿಸಿದ.

"ಒಂದಕ್ಷರ ತೆಗೆಯೋ ಹಾಗಿಲ್ಲ," ಎಂದು ಕಣ್ಣೊರೆಸಿಕೊಂಡು ಮೇಸ್ತ್ರಿ ಸಹಿ ಹಾಕಿದ.

ವಿದೇಶಿ ಕಂಪನಿಯ ಒಪ್ಪಿಗೆ ವಾರದಲ್ಲೇ ಬಂತು. ಕ್ರಮ ಅಂತಿಮ, ಆ ದೇಶದ ಕಾರ್ಖಾನೆ ಒಪ್ಪಂದಕ್ಕೆ ರುಜು ಹಾಕಿದೆ, ಹುಡುಗಿಯರು ಕೈಪಿಡಿಯೊಂದಿಗೆ ವಿಮಾನ ಹತ್ತಿದ್ದಾರೆ. ಪೆನ್ನಪ್ಪ ತನ್ನ ಬೆನ್ನು ತಾನೇ ತಟ್ಟಿಕೊಂಡ. ಎಷ್ಟಾದರೂ ಆಕೆಗೊಂದು ಥ್ಯಾಂಕ್ಸ್ ಹೇಳಿ ಹೊರಡೋಣ ಎಂದು ಆ ಮಧ್ಯಾಹ್ನ ಮೊದಲ ಸಲ ಕೆಳಗಿನ ಹಾಲ್‌ಗೆ ಇಳಿದ.

ಹಾಡುಹಗಲಲ್ಲೂ ಅಲ್ಲಿ ಟ್ಯೂಬ್‌ಲೈಟ್ ಉರಿಯುತ್ತಿತ್ತು. ಕಿಟಕಿಗಳಿದ್ದ ಜಾಗಕ್ಕೆ ಇಟ್ಟಿಗೆ ಕಟ್ಟಿ ಸುಣ್ಣ ಬಳಿದಿದ್ದರು. ಬಗ್ಗಿದ ತಲೆಗಳ ಸಾಲಿನಲ್ಲಿ ಒಬ್ಬರೂ ಪಿಟಕ್ಕೆನ್ನುತ್ತಿರಲಿಲ್ಲ. ಮಾತಾಡಿದರೆ ದಂಡ ಎಂದು ಗೋಡೆಯ ಮೇಲೆ ಕೆಂಪಕ್ಷರದಲ್ಲಿ ಬರೆದಿತ್ತು. ಪ್ರತಿ ಕುರ್ಚಿಯ ಬೆನ್ನಿಗೆ ದಿನದ ಕೆಲಸದ ಚೀಟಿ ಅಂಟಿಸಿತ್ತು: ಇಪ್ಪತ್ತನಾಲ್ಕು ಜೊತೆ. ಕೊನೆಯ ಸಾಲಿನಲ್ಲಿ ದೊಡ್ಡಕ್ಕನ ಸೂಜಿ ಒಂದೇ ಸಮನೆ ಓಡುತ್ತಿತ್ತು. ಆಕೆಯ ಬೆರಳ ತುದಿಗಳಿಗೂ ಪಟ್ಟಿ ಸುತ್ತಿತ್ತು.

ಪೆನ್ನಪ್ಪ ಆಕೆಯ ಬಳಿ ಹೋಗಿ ಇಟ್ಟಿಗೆಯ ಗೋಡೆಯತ್ತ ಕೈ ತೋರಿಸಿದ. "ದೊಡ್ಡಕ್ಕ, ಆ ಕಿಟಕಿ, ಆ ಬೆಚ್ಚಗಿನ ನೀರು... ಇಲ್ಲೆಲ್ಲಿದೆ?"

ಆಕೆ ಹಲ್ಲಿನಿಂದ ದಾರ ಕಡಿದು ತಲೆ ಎತ್ತಿದಳು. "ರುಜು ಆಗಿದೆಯಲ್ಲ ಸಾರ್? ಇನ್ಮೇಲೆ ಅಲ್ಲಿರುತ್ತೆ."